ಬಾಯಿ ಬಿಟ್ಟ ರಂಗೋಲಿ

ಪುಟ್ಟಿ, ಚಿನ್ನಿ, ಇದು ನಿಮಗಾಗಿ ಬರೆದದ್ದು. ನೀವಿಬ್ಬರೂ ಜಗಳವಾಡುವುದು ತೆಲುಗಿನಲ್ಲಿ, ಪರೀಕ್ಷೆ ಬರೆಯುವುದು ಇಂಗ್ಲಿಷಿನಲ್ಲಿ. ಹೊಟ್ಟೆ ಹಸಿದಾಗ ಮಾತ್ರ ನನ್ನ ಹತ್ತಿರ ಬಂದು ಕನ್ನಡದಲ್ಲಿ ಕೇಳುತ್ತೀರಿ. ತೆಲುಗು ಅಕ್ಷರ ಬಲ್ಲವರಿಗೆ ಕನ್ನಡ ಅಕ್ಷರ ದೂರದ್ದೇನಲ್ಲ, ತಲೆಕಟ್ಟು ಸ್ವಲ್ಪ ಬೇರೆ, ಅಷ್ಟೇ. ಕೂಡಿಸಿಕೊಂಡು ಓದಿ. ತಿಳಿಯದ ಕಡೆ ಪುಟ್ಟಿ ಅಪ್ಪನನ್ನು ಕೇಳಲಿ, ಚಿನ್ನಿ ಅಮ್ಮನನ್ನು ಕೇಳಲಿ. ನನ್ನ ಆ ಮಗನಿಗೂ ಈ ಮಗಳಿಗೂ ಅಕ್ಷರ ತಿದ್ದಿಸಿದವಳು ನಾನೇ, ಮರೆತಿದ್ದರೆ ನನಗೆ ಹೇಳಿ.

ಪುಟ್ಟಿ ಈ ಸಂಗತಿಯಲ್ಲಿ ಮೊದಲಿಂದ ಕೊನೆಯವರೆಗೂ ನನ್ನ ಪಕ್ಕದಲ್ಲೇ ಇದ್ದಳು. ಚಿನ್ನಿ ಕೋಡುಬಳೆಯ ಹೊತ್ತಿಗೆ ಮಾತ್ರ ಇದ್ದಳು. ಪುಟ್ಟಿ, ನಿನ್ನನ್ನು ‘ನೀನು’ ಎಂದು ಬರೆದರೆ ಚಿನ್ನಿಗೆ ಗೊಂದಲವಾಗುತ್ತದೆ, ಅದಕ್ಕೇ ನಿನ್ನನ್ನೂ ‘ಪುಟ್ಟಿ’ ಎಂದೇ ಬರೆಯುತ್ತೇನೆ. ಬೇಜಾರು ಮಾಡಿಕೊಳ್ಳಬೇಡ.

ನಾನು ಓದಿದ್ದು ತುರುವೇಕೆರೆ ಕಡೆಯ ನಮ್ಮ ಹಳ್ಳಿಯ ಶಾಲೆಯಲ್ಲಿ, ಏಳನೇ ತರಗತಿಯವರೆಗೆ. ನಿಮ್ಮ ತಾತ ಬ್ಯಾಂಕಿನವರು. ವರ್ಗವಾದ ಊರಿಗೆಲ್ಲ ಅವರ ಹಿಂದೆ ಹೋದೆ, ಹೋದ ಊರಿನಲ್ಲೆಲ್ಲ ಬಾಗಿಲ ಹಿಂದೆ ನಿಂತೆ. ಯಾರಾದರೂ ಬಂದರೆ ಮಾತಾಡುವುದು ಅವರ ಕೆಲಸ, ಕಾಫಿ ಮಾಡುವುದು ನನ್ನದು. ನಿಮ್ಮ ತಾತ ತೀರಿಕೊಂಡ ಮೇಲೆ ವಿಶಾಖಪಟ್ಟಣದ ಮಗನ ಮನೆಗೆ ಬಂದೆ. ಅವನೂ ಬ್ಯಾಂಕಿನವನೇ, ದ್ವಾರಕಾ ನಗರದ ಶಾಖೆ. ಮನೆ ಪೆಂಡುರ್ತಿಯಲ್ಲಿ. ಸೊಸೆ ಇಲ್ಲಿಯವಳೇ, ತೆಲುಗಿನವಳು. ಅವಳ ತೆಲುಗು, ನನ್ನ ಕನ್ನಡ, ನಡುವೆ ಒಂದಿಷ್ಟು ನಗು, ಹೀಗೆ ನಮ್ಮ ಸಂಸಾರ ನಡೆಯುತ್ತದೆ.

ಇಲ್ಲಿಗೆ ಬಂದ ಮೇಲೂ ನಾನು ಬಿಡದೆ ಮಾಡುತ್ತಿದ್ದ ಕೆಲಸ ಒಂದೇ, ಬೆಳಿಗ್ಗೆ ರಂಗೋಲಿ ಹಾಕುವುದು. ಹಬ್ಬದ ದಿನ ನಮ್ಮಮ್ಮ ಹಾಕುತ್ತಿದ್ದ ಎಳೆ ರಂಗೋಲಿಯನ್ನು ಹಾಕುತ್ತಿದ್ದೆ. ಸಾಲಾಗಿ ಚುಕ್ಕಿ ಇಟ್ಟು, ಒಂದೇ ಎಳೆಯನ್ನು ಚುಕ್ಕಿಗಳ ಸುತ್ತ ಬಳಸಿ ಬಳಸಿ ತರಬೇಕು, ಚುಕ್ಕಿಯನ್ನು ತುಳಿಯಬಾರದು. ಇಂಥ ರಂಗೋಲಿ ಇಲ್ಲಿಯೂ ಇದೆ, ಇವರು ಮುಗ್ಗು ಎನ್ನುತ್ತಾರೆ. ಆದರೆ ಎಲ್ಲರ ಎಳೆಯೂ ಹೊರಟ ಜಾಗಕ್ಕೇ ಬಂದು ಕೂಡುತ್ತದೆ. ನಮ್ಮಮ್ಮನದು ಕೂಡುವುದಿಲ್ಲ. ಬಲಗಡೆ ಒಂದು ಮೂಲೆಯಲ್ಲಿ ಎಳೆಯ ಎರಡು ತುದಿಗಳೂ ಒಳಕ್ಕೆ ಮಡಚಿಕೊಳ್ಳುತ್ತವೆ, ನಡುವೆ ಮೊಳದಗಲದ ಜಾಗ ಉಳಿಯುತ್ತದೆ. ಅದನ್ನು ನಾವು ರಂಗೋಲಿಯ ಬಾಯಿ ಎನ್ನುತ್ತಿದ್ದೆವು.

ಆಮೇಲೆ ನನ್ನ ಮಂಡಿ ಕೈಕೊಟ್ಟಿತು. ಡಾಕ್ಟರಮ್ಮ, “ಇನ್ನು ನೆಲಕ್ಕೆ ಕೂರಬೇಡಿ, ಬಗ್ಗಬೇಡಿ” ಎಂದರು. ಸೊಸೆಗೆ ಕಲಿಸಲು ನೋಡಿದೆ. ಅವಳು ಗೇಟಿನ ಮುಂದೆ ಕೂತು ಅರ್ಧದವರೆಗೆ ಚೆನ್ನಾಗಿಯೇ ಬಂದು, ತಲೆಯೆತ್ತಿ, “ಅತ್ತಯ್ಯಾ, ನನ್ನ ಎಳೆ ಎಲ್ಲಿಗೋ ಹೋಗಿಬಿಟ್ಟಿದೆ, ಹುಡುಕಿಕೊಡಿ” ಎಂದಳು. ಕಾಗದದ ಮೇಲೆ ಬರೆದುಕೊಡೋಣವೆಂದರೆ, ಪೆನ್ಸಿಲ್ ಹಿಡಿದ ಕೂಡಲೇ ನನ್ನ ಕೈಗೆ ಎಲ್ಲ ಮರೆತುಹೋಗುತ್ತದೆ. ಅದು ಪುಡಿ ಹಿಡಿದ ಬೆರಳಿಗೆ ಮಾತ್ರ ಗೊತ್ತು. ಹಾಗಾಗಿ ನಮ್ಮಮ್ಮನ ರಂಗೋಲಿ ನನ್ನ ಮಂಡಿಯ ಜೊತೆಗೇ ಮುಗಿಯುವ ಹಾಗಿತ್ತು. ಬೇರೆಯವರ ಕೈಯಲ್ಲಿ ಅದು ಪೂರ್ತಿಯಾಗುವುದನ್ನು ಒಂದು ಸಲ ನೋಡಬೇಕೆಂಬ ಆಸೆ ನನಗೆ. ಈ ವಯಸ್ಸಿನಲ್ಲಿ ಇದೊಂದು ಆಸೆ ದೊಡ್ಡದಲ್ಲ ಎಂದುಕೊಂಡಿದ್ದೆ.

ಪುಟ್ಟಿ ಎಂಜಿನಿಯರಿಂಗ್ ಓದುತ್ತಿದ್ದಳು. ಒಂದು ದಿನ ಫೋನ್ ತಂದು ತೋರಿಸಿದಳು. ಅದರಲ್ಲಿ ಒಂದು ಬೆರಳು ಕರಿ ನೆಲದ ಮೇಲೆ ತಾನಾಗಿ ಮುಗ್ಗು ಹಾಕುತ್ತಿತ್ತು. ನಿಲ್ಲಿಸು ಎಂದರೆ ನಿಲ್ಲುತ್ತದೆ, ಹಿಂದೆ ಹೋಗು ಎಂದರೆ ಹೋಗುತ್ತದೆ. ನೋಡಿಕೊಂಡು ಯಾರು ಬೇಕಾದರೂ ಹಾಕಬಹುದು.

“ಅಜ್ಜಿ, ಈ ಮುಗ್ಗಿನ ಆ್ಯಪು ಓಪನ್ ಸೋರ್ಸು. ಯಾರೂ ಓನರ್ ಇಲ್ಲ, ಯಾರಿಗೂ ಸಂಬಳ ಇಲ್ಲ. ಯಾರು ಬೇಕಾದ್ರೂ ಒಳಗಡೆ ಬಿಚ್ಚಿ ನೋಡಬಹುದು, ಸರಿ ಮಾಡಬಹುದು, ಹೊಸ ಮುಗ್ಗು ಸೇರಿಸಬಹುದು.”

“ಯಾರ್ ಬೇಕಾದ್ರೂ ಕೈ ಹಾಕಿದ್ರೆ ಕೆಡಲ್ವೇನೇ?”

“ಅದಕ್ಕೇ ರಿವ್ಯೂ ಇರೋದು. ನಾವು ಕಳಿಸಿದ್ದನ್ನ ಅದನ್ನ ನೋಡ್ಕೊಳ್ಳೋರು ಓದಿ, ಸರಿ ಇದೆ ಅಂದ್ರೇನೇ ಒಳಗೆ ಸೇರೋದು.”

ನನಗೆ ಅರ್ಥವಾಯಿತು. ಊರೊಟ್ಟಿನ ಅಡುಗೆಯಂತೆ. ಯಾರ ಮನೆಯಿಂದ ಬೇಕಾದರೂ ತರಕಾರಿ ಬರಬಹುದು, ಯಾರು ಬೇಕಾದರೂ ಹೆಚ್ಚಬಹುದು. ಆದರೆ ಹುಳ ನೋಡದೆ ಕೊಪ್ಪರಿಗೆಗೆ ಹಾಕುವಂತಿಲ್ಲ. ಹುಳ ನೋಡಲು ಒಬ್ಬರು ಕೂತಿರಬೇಕು.

ಪುಟ್ಟಿ ನನ್ನ ಮಂಡಿಗೂ ಉಪಾಯ ಹುಡುಕಿದಳು. ದೊಡ್ಡ ಹರಿವಾಣದಲ್ಲಿ ರವೆ ಹರಡಿ ಊಟದ ಮೇಜಿನ ಮೇಲಿಟ್ಟಳು. ನಾನು ಕುರ್ಚಿಯಲ್ಲಿ ಕೂತು ರವೆಯ ಮೇಲೆ ಬೆರಳಾಡಿಸಿದೆ. ಕೈಗೆ ಮರೆತಿರಲಿಲ್ಲ. ಅವಳು ಮೇಲಿಂದ ವಿಡಿಯೋ ತೆಗೆದು, ನನ್ನ ಬೆರಳು ಹೋದ ದಾರಿಯನ್ನೆಲ್ಲ ಕಂಪ್ಯೂಟರಿಗೆ ಹೇಳಿಕೊಟ್ಟಳು. ಆ ರವೆ ಸಂಜೆ ಉಪ್ಪಿಟ್ಟಾಯಿತು. ನನ್ನ ಮಗ ಎರಡನೇ ಸಲ ಹಾಕಿಸಿಕೊಂಡು, “ಇವತ್ತು ಉಪ್ಪಿಟ್ಟಿಗೆ ಏನೋ ಒಂದು ಲಕ್ಷಣ ಇದೆಯಲ್ಲಮ್ಮ” ಎಂದ.

ಶ್ರಾವಣದಲ್ಲಿ ಕಳಿಸಿದೆವು. ಕಳಿಸಿದ ಗಳಿಗೆಯಲ್ಲೇ ಕೆಂಪು ಗುರುತು ಬಂತು. “ಒಲ್ಲೆ ಅಂದ್ರಾ?” ಎಂದೆ. ಪುಟ್ಟಿ ನಕ್ಕಳು. “ಇದು ಮನುಷ್ಯರಲ್ಲ ಅಜ್ಜಿ, ಮೆಷಿನ್ನು. ಎಳೆ ಕೂಡಿಲ್ಲ, ತಪ್ಪು ಅಂತಿದೆ.” ಆಮೇಲೆ ಅವಳು ಒಂದು ಸಾಲು ಬರೆದು, ಕೆಲವು ರಂಗೋಲಿಗೆ ಬಾಯಿ ಇರುತ್ತದೆ ಎಂದು ಆ ಯಂತ್ರಕ್ಕೆ ಬುದ್ಧಿ ಹೇಳಿದಳು. ಗುರುತು ಹಸಿರಾಯಿತು. ಇನ್ನು ಮನುಷ್ಯರು ನೋಡುವುದು ಬಾಕಿ.

ಮನುಷ್ಯರು ನೋಡಲಿಲ್ಲ.

ಗಣೇಶ ಬಂದು ಹೋದ, ನವರಾತ್ರಿ ಬಂತು. ಪುಟ್ಟಿ ಬೆಳಿಗ್ಗೆ ಹಲ್ಲುಜ್ಜುವ ಮೊದಲು ನೋಡುತ್ತಿದ್ದಳು, ಕಾಲೇಜಿನ ಬಸ್ಸಿನಲ್ಲಿ ನೋಡುತ್ತಿದ್ದಳು. ನಾನು ಬಾಯಿ ತೆರೆದು ಕೇಳುತ್ತಿರಲಿಲ್ಲ, ಅವಳ ಮುಖ ನೋಡಿ ತಿಳಿದುಕೊಳ್ಳುತ್ತಿದ್ದೆ. ನನಗೆ ನನ್ನ ಅಕ್ಕನ ಹೆಣ್ಣು ನೋಡುವ ಶಾಸ್ತ್ರ ನೆನಪಾಗುತ್ತಿತ್ತು. ಗಂಡಿನ ಕಡೆಯವರು ಬಂದು, ಕೇಸರಿಬಾತು ತಿಂದು, “ಊರಿಗೆ ಹೋಗಿ ಕಾಗದ ಬರೀತೀವಿ” ಎಂದು ಹೋಗುತ್ತಿದ್ದರು. ಒಲ್ಲೆ ಎಂದರೂ ಒಂದು ಸಮಾಧಾನ. ಕಾಗದವೇ ಬಾರದಿದ್ದರೆ ಅಕ್ಕನಿಗೆ ಬೇರೆಯವರನ್ನು ಕರೆಸುವಂತೆಯೂ ಇಲ್ಲ, ಸುಮ್ಮನಿರುವಂತೆಯೂ ಇಲ್ಲ. ಟಪಾಲಿನವನ ಸೈಕಲ್ ಬೆಲ್ ಕೇಳಿದರೆ ಮನೆಯವರೆಲ್ಲ ಬಾಗಿಲಲ್ಲಿ. ಇವರಾದರೋ ನಮ್ಮ ಕೇಸರಿಬಾತನ್ನೂ ತಿಂದಿರಲಿಲ್ಲ.

ಒಂದು ದಿನ ಪುಟ್ಟಿ ಮುಖ ಊದಿಸಿಕೊಂಡು ಬಂದಳು. ಬಹಳ ದಿನ ಯಾರೂ ಮಾತಾಡದ ಕೆಲಸಗಳಿಗೆ ಇನ್ನೊಂದು ಯಂತ್ರ ಬಂದು ತಾನಾಗಿ ಚೀಟಿ ಅಂಟಿಸುತ್ತದಂತೆ. ನಮ್ಮ ರಂಗೋಲಿಗೂ ಅಂಟಿಸಿತ್ತು.

“ಏನಂತೆ ಚೀಟಿ?”

“ಹಳಸಿದೆ ಅಂತ.”

“ಹಳಸೋಕೆ ಇದೇನ್ ಚಿತ್ರಾನ್ನವೇನೇ? ನಮ್ಮಮ್ಮನ ಕಾಲದಿಂದ ಹಳಸಿಲ್ಲ, ಇವರ ಹತ್ರ ಹೋಗಿ ಹಳಸ್ತಾ?”

“ನಾವು ಏನಾದ್ರೂ ಬರೀಬೇಕಂತೆ ಅಜ್ಜಿ. ಇಲ್ದಿದ್ರೆ ಮುಚ್ಚಿಬಿಡುತ್ತೆ.”

“ಇನ್ನೂ ಇದ್ದೀವಿ ಅಂತ ಬರಿ.”

ಪುಟ್ಟಿ ಅದನ್ನು ತೆಲುಗಿನಲ್ಲಿ “ಇಂಕಾ ಉನ್ನಾಮು” ಎಂದು ಹಾಕಿದಳು. ಯಂತ್ರ ಚೀಟಿ ಕಿತ್ತುಕೊಂಡು ಹೋಯಿತು. ಸ್ವಲ್ಪ ದಿನದ ಮೇಲೆ ಮತ್ತೆ ಬಂತು. ಮತ್ತೆ “ಇನ್ನೂ ಇದ್ದೇವೆ” ಎಂದೆವು. ನಾವೂ ಆ ಯಂತ್ರವೂ ಹೀಗೆ ಮಾತಾಡಿಕೊಂಡಿದ್ದೆವು.

ಆದರೆ ಪುಟ್ಟಿಗೆ ಸಾಕಾಗಿತ್ತು. “ನಾನು ವದಿಲೇಸ್ತೀನಿ ಅಜ್ಜಿ,” ಎಂದಳು, ಬಿಟ್ಟುಬಿಡುತ್ತೇನೆಂದು. ಅವಳು ಬೇಸರವಾದಾಗ ತೆಲುಗಿಗೆ ಕನ್ನಡದ ಬಾಲ ಹಚ್ಚುತ್ತಾಳೆ. ಆ ತಂತ್ರಾಂಶದವರು ವರ್ಷಕ್ಕೊಮ್ಮೆ, ಧನುರ್ಮಾಸಕ್ಕೆ ಮುಂಚೆ, ಹೊಸ ಮುಗ್ಗುಗಳನ್ನೆಲ್ಲ ಸೇರಿಸಿ ಜನಕ್ಕೆ ಬಿಡುತ್ತಾರೆ. ಧನುರ್ಮಾಸದ ಪೂರ್ತಿ ಇಲ್ಲಿ ಮನೆ ಮನೆ ಮುಂದೆ ಮುಗ್ಗು. ಅದಕ್ಕೆ ತಪ್ಪಿದರೆ ಮುಂದಿನ ವರ್ಷವೇ. ಮುಂದಿನ ವರ್ಷಕ್ಕೆ ಪುಟ್ಟಿಯ ಓದು ಮುಗಿದು ಅವಳೆಲ್ಲಿರುತ್ತಾಳೋ, ನನ್ನ ಬೆರಳಿಗೆ ನೆನಪಿರುತ್ತದೋ ಇಲ್ಲವೋ.

ಕಾರ್ತಿಕದಲ್ಲಿ ನಾನು ವಿಜಯವಾಡಕ್ಕೆ ಮಗಳ ಮನೆಗೆ ಹೊರಟೆ, ಪುಟ್ಟಿ ಜೊತೆಗೆ ಬಂದಳು. ರಂಗೋಲಿ ತಂತ್ರಾಂಶವನ್ನು ನೋಡಿಕೊಳ್ಳುವವರು ವಿಜಯವಾಡದಲ್ಲೇ ಇರುವುದು ಅವಳಿಗೆ ಗೊತ್ತಿತ್ತು. ಅಲ್ಲಿನ ಒಂದು ಕಾಲೇಜಿನಲ್ಲಿ ಪಾಠ ಹೇಳುವವರು. “ನಾನೂ ನಮ್ಮಜ್ಜಿಯೂ ನಿಮ್ಮನ್ನು ನೋಡಬಹುದೇ” ಎಂದು ಅವಳು ಬರೆದರೆ ಅದೇ ದಿನ “ಭಾನುವಾರ ಕಾಫಿಗೆ ಬನ್ನಿ” ಎಂದು ಉತ್ತರ ಬಂತು.

“ನೋಡೇ, ರಂಗೋಲಿಗೆ ಉತ್ತರ ಇಲ್ಲ, ಕಾಫಿಗೆ ಉತ್ತರ ಇದೆ,” ಎಂದೆ.

ಯಾರ ಮನೆಗಾದರೂ ಬರಿಗೈಯಲ್ಲಿ ಹೋಗುವುದುಂಟೇ? ಮಗಳ ಮನೆಯಲ್ಲಿ ಒಂದು ಡಬ್ಬಿ ತುಂಬ ಕೋಡುಬಳೆ ಸುಟ್ಟೆ. ಬೆಳಿಗ್ಗೆ ಇಂದ್ರಕೀಲಾದ್ರಿ ಬೆಟ್ಟದ ಮೇಲೆ ಅಮ್ಮನವರ ದರ್ಶನ ಮಾಡಿಕೊಂಡು, ದೇವಿಯ ಮುಂದೆ ರಂಗೋಲಿಯ ವಿಷಯವನ್ನೂ ಹೇಳಿಕೊಂಡು, ಸಂಜೆ ಅವರ ಮನೆಗೆ ಹೋದೆವು. ಚಿನ್ನಿಯೂ ಬಂದಳು, ಡಬ್ಬಿಯನ್ನು ತಾನೇ ಹಿಡಿದುಕೊಳ್ಳುತ್ತೇನೆಂದು. ಹಿಡಿದುಕೊಂಡಿದ್ದರಿಂದಲೇ ಅವರ ಮನೆ ತಲುಪುವ ಹೊತ್ತಿಗೆ ಡಬ್ಬಿ ಹಗುರಾಗಿತ್ತು.

ಮುಗ್ಗಿನ ತಂತ್ರಾಂಶದವರ ಮನೆ ಬಾಗಿಲಲ್ಲಿ ಪ್ಲಾಸ್ಟಿಕ್ ರಂಗೋಲಿ ಅಂಟಿಸಿತ್ತು. ನಾನು ಪುಟ್ಟಿಯನ್ನು ನೋಡಿದೆ, ಪುಟ್ಟಿ ಮೇಲಕ್ಕೆ ನೋಡಿದಳು.

ಒಳಗಿನಿಂದ ಬಂದವರು ನನಗಿಂತ ನಾಚಿಕೆಯ ಮನುಷ್ಯ. “ಕೂರ್ಚೋಂಡಿ ಅಮ್ಮಗಾರೂ” ಎಂದು ಕೂರಲು ಹೇಳಿ ಎದುರಿಗೆ ಕೂತು ನೆಲ ನೋಡಿದರು. ನಾನೂ ನೆಲ ನೋಡಿದೆ. ಕೊನೆಗೆ ಡಬ್ಬಿಯನ್ನು ಅವರ ಕಡೆಗೆ ತಳ್ಳಿದೆ. ಅವರು ಒಂದು ಕೋಡುಬಳೆ ತೆಗೆದುಕೊಂಡರು, ಇನ್ನೊಂದು ತೆಗೆದುಕೊಂಡರು. ಅಷ್ಟರಲ್ಲಿ ಅವರ ಹೆಂಡತಿ ಕಾಫಿ ತಂದರು, ಮನೆಗೆ ಮಾತು ಬಂತು. ಅವರೆಲ್ಲ ಮಾತಾಡಿದ್ದು ತೆಲುಗಿನಲ್ಲೇ. ನಾನು ನಮ್ಮ ಮಾತಿನಲ್ಲಿ ಬರೆಯುತ್ತೇನೆ.

“ಅಮ್ಮಾ, ಆ ಮುಗ್ಗು ನನ್ನ ಸವತಿ,” ಎಂದರು ಆಕೆ. “ಭಾನುವಾರವೆಲ್ಲ ಅದರ ಮುಂದೆ ಕೂತಿರುತ್ತಾರೆ. ನನ್ನ ಬಾಗಿಲಿಗೆ ನಾಲ್ಕು ಚುಕ್ಕಿ ಇಡಿ ಎಂದರೆ, ಸಮಯವಿಲ್ಲ!”

ಆತ ನಕ್ಕು, ಲ್ಯಾಪ್‌ಟಾಪ್ ತೆಗೆದು, ನಮ್ಮ ರಂಗೋಲಿಯನ್ನು ಹುಡುಕಿದರು. ಹುಡುಕುವಾಗ ನಾನೂ ಇಣುಕಿದೆ. ಒಂದರ ಕೆಳಗೊಂದು, ಒಂದರ ಕೆಳಗೊಂದು, ಕಾದಿರುವ ಮುಗ್ಗುಗಳು. ಕೆಳಕ್ಕೆ ಎಳೆದಷ್ಟೂ ಮುಗಿಯಲಿಲ್ಲ. ನಮ್ಮದು ಎಲ್ಲೋ ನಡುವೆ ಇತ್ತು. ಅಷ್ಟು ದಿನ ನಾವೊಬ್ಬರೇ ಬಾಗಿಲಲ್ಲಿ ನಿಂತಿದ್ದೇವೆಂದುಕೊಂಡಿದ್ದೆ. ನೋಡಿದರೆ ಹೆಣ್ಣಿನ ಮನೆಗಳು ಊರು ತುಂಬ, ನೋಡಲು ಬರುವ ಗಂಡು ಒಬ್ಬನೇ.

“ಈ ಬಾಯಿ ಯಾಕಮ್ಮಾ?” ಎಂದು ಕೇಳಿದರು, ಬಲಗಡೆ ಮೂಲೆ ತೋರಿಸಿ.

ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ನಾನೂ ನಮ್ಮಮ್ಮನನ್ನು ಕೇಳಿರಲಿಲ್ಲ. ಆದರೆ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದವಳಿಗೆ ಉತ್ತರ ಹೇಳದಿದ್ದರೆ ಮರ್ಯಾದೆಯಲ್ಲ ಎನಿಸಿತು. “ಲಕ್ಷ್ಮಿ ಒಳಗೆ ಬರೋದಕ್ಕೆ” ಎಂದೆ. ಹೇಳಿದ ಮೇಲೆ ನನಗೇ ಅದು ನಿಜವೆನಿಸಿತು.

ಅವರ ಹೆಂಡತಿ ಕೈಯೆತ್ತಿ ಮುಗಿದರು. “ಅಬ್ಬಾ, ಎಷ್ಟು ಚೆನ್ನಾಗಿದೆ! ನಾವು ಇಷ್ಟು ವರ್ಷ ಎಳೆ ಕೂಡಿಸಿ ಕೂಡಿಸಿ ಅವಳನ್ನು ಹೊರಗೇ ನಿಲ್ಲಿಸಿದ್ದೇವೆ. ಇದನ್ನು ಈಗಲೇ ಒಪ್ಪಿಬಿಡಿ!”

ಆತ ಕೈಯಲ್ಲಿದ್ದ ಅರ್ಧ ಕೋಡುಬಳೆಯನ್ನು ನೋಡಿಕೊಂಡರು. “ಇನ್ನು ನಾನು ಒಪ್ಪುವ ಹಾಗಿಲ್ಲ,” ಎಂದರು.

ಹಿಂದೆ ಒಂದು ಸಲ ಗುರುತಿನವರ ಮುಗ್ಗುಗಳು ಬೇಗ ಸೇರಿ, ಉಳಿದವರದು ಕಾಯುತ್ತಾ ಕೂತು ದೊಡ್ಡ ಜಗಳವಾಗಿತ್ತಂತೆ. ಅಂದಿನಿಂದ ಅವರೇ ಒಂದು ಕಟ್ಟುಪಾಡು ಮಾಡಿಕೊಂಡಿದ್ದರು. ಪರಿಚಯದವರ ಕೆಲಸವನ್ನು ತಾವು ಒಪ್ಪಬಾರದು, ಬೇರೆಯವರು ನೋಡಬೇಕು. “ನೀವು ಮನೆಗೆ ಬಂದಿರಿ, ನಾನು ನಿಮ್ಮ ತಿಂಡಿ ತಿಂದೆ. ಇನ್ನು ನೀವು ನಮಗೆ ಪರಿಚಯದವರು. ನೋಡುವವರು ಇನ್ನೊಬ್ಬರಿದ್ದಾರೆ, ಅವರಿಗೆ ಹೇಳುತ್ತೇನೆ. ಆದರೆ ಅವರ ಮುಂದೆಯೂ ಇಷ್ಟೇ ಸಾಲಿದೆ.”

ಪುಟ್ಟಿ ನನ್ನ ಕಡೆ ತಿರುಗಿ ಕನ್ನಡದಲ್ಲಿ, “ಅಜ್ಜಿ, ನಿನ್ನ ಕೋಡುಬಳೆ ಕೆಲಸ ಕೆಡಿಸ್ತು,” ಎಂದಳು. ಚಿನ್ನಿ, ಆಗ ನೀನು ಹೇಳಿದ್ದು ನೆನಪಿದೆಯೇ? “ಹಾಗಾದ್ರೆ ಡಬ್ಬಿ ವಾಪಸ್ ತಗೊಳ್ಳೋಣ.”

ಎಲ್ಲರೂ ನಕ್ಕರು. ನಗುವಿನ ನಡುವೆ ಆತ ಮೊದಲ ಸಲ ನನ್ನ ಮುಖ ನೋಡಿ ಹೇಳಿದರು: “ಅಮ್ಮಗಾರೂ, ಕಳಿಸುವವರು ಬಹಳ ಜನ, ನೋಡುವವರು ನಾವಿಬ್ಬರೇ. ನೀವು ನಾಲ್ಕು ಮುಗ್ಗು ನೋಡಿಕೊಟ್ಟರೆ ಸಾಲು ಸ್ವಲ್ಪ ಮುಂದೆ ಹೋಗುತ್ತದೆ. ಕಂಪ್ಯೂಟರ್ ಭಾಗ ನಮಗಿರಲಿ. ಎಳೆ ಸರಿಯಾಗಿ ಬರುತ್ತದೆಯೇ, ನೋಡಿಕೊಂಡು ಹಾಕಲು ಆಗುತ್ತದೆಯೇ, ಅಷ್ಟು ಹೇಳಿದರೆ ಸಾಕು.”

ನಾನು ಬೇಡವೆನ್ನಲು ಬಾಯಿ ತೆರೆದೆ. ನಾಚಿಕೆಯವರ ತೊಂದರೆಯೇ ಇದು, ಬೇಡವೆನ್ನುವುದಕ್ಕೂ ನಾಚಿಕೆ. ತಲೆಯಾಡಿಸಿ ಬಂದುಬಿಟ್ಟೆ.

ಪೆಂಡುರ್ತಿಗೆ ಮರಳಿದ ಮೇಲೆ ಹರಿವಾಣ ಮತ್ತೆ ಮೇಜಿನ ಮೇಲೆ ಬಂತು. ಪುಟ್ಟಿ ಯಾರೋ ಕಳಿಸಿದ ಮುಗ್ಗನ್ನು ಫೋನಿನಲ್ಲಿ ತೋರಿಸುತ್ತಿದ್ದಳು, ನಾನು ಅದರಂತೆ ರವೆಯ ಮೇಲೆ ಹಾಕಿ ನೋಡುತ್ತಿದ್ದೆ. ಮೊದಲಿನ ಕೆಲವಕ್ಕೆಲ್ಲ “ಚೆನ್ನಾಗಿದೆ” ಎಂದು ಬರೆಸಿದೆ. ಪುಟ್ಟಿ ಅದರ ಕೆಳಗೆ ತೆಲುಗಿನಲ್ಲಿ ‘ನಾನಮ್ಮ’, ಅಂದರೆ ಅಜ್ಜಿ, ಎಂದು ನನ್ನ ಸಹಿ ಹಾಕಿದಳು. ಒಂದರಲ್ಲಿ ಎಳೆ ಚುಕ್ಕಿಯನ್ನು ತುಳಿದಿತ್ತು. ಆದರೂ ಪಾಪ, ಯಾವ ಮನೆಯ ಹೆಣ್ಣುಮಗಳೋ, ಹೇಗೆ ತಪ್ಪೆನ್ನುವುದು? “ಚೆನ್ನಾಗಿದೆ” ಎಂದೇ ಬರೆಸಿದೆ.

ನೋಡುವವರಲ್ಲಿ ಎರಡನೆಯವರಿದ್ದಾರಲ್ಲ, ಅವರು ಗಂಡೋ ಹೆಣ್ಣೋ, ಯಾವ ಊರೋ ನಮಗೆ ಗೊತ್ತಿಲ್ಲ. ಹೆಸರಿನ ಜಾಗದಲ್ಲಿ ಗುಬ್ಬಚ್ಚಿಯ ಚಿತ್ರ ಹಾಕಿಕೊಂಡಿದ್ದರು, ನಾನು ಗುಬ್ಬಚ್ಚಿ ಎಂದೇ ಕರೆದೆ. ಗುಬ್ಬಚ್ಚಿ ನನಗೆ ಒಂದು ಸಾಲು ಬರೆಯಿತು: “ಎಲ್ಲವೂ ಚೆನ್ನಾಗಿದೆ ಎನ್ನುವುದಾದರೆ ನೋಡುವವರು ಯಾಕೆ ಬೇಕು?”

ನನಗೆ ನಾಚಿಕೆಯಾಯಿತು. ಪುಟ್ಟಿ, “ಕುಕ್ಕಿತಲ್ಲ ಅಜ್ಜಿ ಗುಬ್ಬಚ್ಚಿ!” ಎಂದು ಕುಣಿದಳು. ಆದರೆ ಗುಬ್ಬಚ್ಚಿ ಹೇಳಿದ್ದು ಸರಿ. ಹುಳ ಕಂಡೂ ಸುಮ್ಮನಿದ್ದರೆ ಊಟಕ್ಕೆ ಕೂತವರ ಗತಿ? ಅಂದಿನಿಂದ ಚೆನ್ನಾಗಿ ನೋಡಿದೆ. ಚೆನ್ನಾಗಿ ನೋಡಲು ಹೊರಟ ಮೇಲೆ ತಿಳಿಯಿತು, ಅದು ಎಷ್ಟು ನಿಧಾನದ ಕೆಲಸವೆಂದು. ಕಳಿಸಿದವರ ತಪ್ಪೋ ನನ್ನ ಬೆರಳಿನ ತಪ್ಪೋ ಎಂದು ಒಂದನ್ನೇ ಅಳಿಸಿ ಅಳಿಸಿ ಹಾಕಬೇಕು. ತಪ್ಪೆಂದು ಗೊತ್ತಾದ ಮೇಲೆ, ನೋಯದ ಹಾಗೆ ಹೇಳುವುದು ಹೇಗೆಂದು ಯೋಚಿಸಬೇಕು. ಅದಕ್ಕೇ ಒಂದಿಡೀ ಮಧ್ಯಾಹ್ನ ಹೋಗುತ್ತಿತ್ತು. ನಡುವೆ ಕಾರ್ತಿಕದ ದೀಪ, ಸೊಸೆಯ ಕಡೆಯ ನೆಂಟರು, ನನ್ನ ಮಂಡಿ. ರವೆ ಹರಿವಾಣದಲ್ಲೇ ಇರುತ್ತಿತ್ತು. ಸೊಸೆ, “ಅತ್ತಯ್ಯಾ, ಉಪ್ಮಾ ಮಾಡೋದಾ, ಇನ್ನೂ ಯಾರದಾದರೂ ಭವಿಷ್ಯ ಇದರಲ್ಲಿದೆಯಾ?” ಎಂದು ಕೇಳಿಯೇ ರವೆ ಮುಟ್ಟುತ್ತಿದ್ದಳು.

ಹೀಗಿರುವಾಗ ಒಂದು ದಿನ ಪುಟ್ಟಿ ನಗು ತಡೆಯಲಾರದೆ ಫೋನ್ ತಂದಳು. ನಾನು ಬಹಳ ದಿನದಿಂದ ಬಾಕಿ ಇಟ್ಟಿದ್ದ ಒಂದು ನವಿಲಿನ ಮುಗ್ಗಿನ ಕೆಳಗೆ, ಅದನ್ನು ಕಳಿಸಿದವರು ಬರೆದಿದ್ದರು: “ನಾನಮ್ಮಗಾರೂ, ಇಂಕಾ ಉನ್ನಾಮು.”

ಅಜ್ಜಿಯವರೇ, ಇನ್ನೂ ಇದ್ದೇವೆ! ನಮ್ಮ ಮಾತನ್ನೇ ಎತ್ತಿಕೊಂಡು ನನಗೇ ಹೊಡೆದಿದ್ದರು. ನಾನು ನಗುತ್ತಾ ನಗುತ್ತಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡೆ. ಕಾಗದ ಬರೆಯದ ಗಂಡಿನ ಕಡೆಯವರನ್ನು ನಾನು ಮನಸ್ಸಿನಲ್ಲಿ ಬೈದದ್ದೆಲ್ಲ ಅಂದೇ ಹಿಂದಕ್ಕೆ ತೆಗೆದುಕೊಂಡೆ. ಆ ನವಿಲನ್ನು ಆ ಸಂಜೆಯೇ ನೋಡಿಕೊಟ್ಟೆ.

ಮಾರ್ಗಶಿರ ಬಂತು. ಧನುರ್ಮಾಸಕ್ಕೆ ಹೆಚ್ಚು ದಿನ ಉಳಿದಿರಲಿಲ್ಲ. ಆಗ ಗುಬ್ಬಚ್ಚಿ ನಮ್ಮ ರಂಗೋಲಿಗೆ ಬಂದು ಕೂತಿತು. ಎಲ್ಲ ನೋಡಿ ಒಂದೇ ಪ್ರಶ್ನೆ ಹಾಕಿತು: “ಎಳೆ ಇಲ್ಲಿ ಯಾಕೆ ಕೂಡುವುದಿಲ್ಲ? ಕಾರಣ ಬರೆಯಿರಿ. ಕಾರಣವಿಲ್ಲದಿದ್ದರೆ ಕೂಡಿಸಿ.”

“ಲಕ್ಷ್ಮಿ ಅಂತ ಬರೆದುಬಿಡ್ತೀನಿ ಅಜ್ಜಿ,” ಎಂದಳು ಪುಟ್ಟಿ. ಬೆರಳು ಆಗಲೇ ಒತ್ತಲು ಸಿದ್ಧವಾಗಿತ್ತು.

“ತಡಿಯೇ. ಬರವಣಿಗೆಯಲ್ಲಿ ಉಳಿಯೋ ಮಾತು. ಒಂದ್ಸಲ ದೊಡ್ಡಜ್ಜೀನ ಕೇಳ್ತೀನಿ.”

ದೊಡ್ಡಜ್ಜಿ ಎಂದರೆ ನನ್ನ ಅಕ್ಕ, ಕಾಗದಕ್ಕೆ ಕಾದವಳು. ಕೊನೆಗೆ ನಮ್ಮೂರಿನಲ್ಲೇ ಮದುವೆಯಾಗಿ ಅಲ್ಲೇ ಇದ್ದಾಳೆ. ನನಗಿಂತ ಬಹಳ ದೊಡ್ಡವಳು, ಕಿವಿ ಮಂದ, ನಾಲಿಗೆ ಚುರುಕು. ಫೋನ್ ಮಾಡಿ ಕೂಗಿ ಕೇಳಿದೆ.

“ಅಕ್ಕಾ, ಅಮ್ಮನ ರಂಗೋಲಿಗೆ ಬಲಗಡೆ ಬಾಯಿ ಬಿಡ್ತಿದ್ದದ್ದು ಲಕ್ಷ್ಮಿ ಬರ್ಲಿ ಅಂತ ತಾನೇ?”

“ಯಾವ ಲಕ್ಷ್ಮೀನೇ?”

“ದೇವರು ಲಕ್ಷ್ಮಿ ಕಣಕ್ಕಾ!”

ಆ ಕಡೆ ಅಕ್ಕ ನಗಲು ಶುರು ಮಾಡಿದಳು. ಕೆಮ್ಮು ಬರುವವರೆಗೆ ನಕ್ಕಳು. “ಅಯ್ಯೋ ದಡ್ಡಿ! ಅಲ್ಲಿ ಒರಳುಕಲ್ಲು ಇತ್ತಲ್ಲೇ! ಬಾಗಿಲ ಬಲಗಡೆ, ನೆಲಕ್ಕೆ ಹೂತಿದ್ದು, ರಾಗಿ ಭತ್ತ ಕುಟ್ಟೋದು. ಕಲ್ಲಿನ ಮೇಲೆ ರಂಗೋಲಿ ಹಾಕಕ್ಕಾಯ್ತದಾ? ಅಮ್ಮ ಅದನ್ನ ಬಳಸ್ಕೊಂಡು ಎಳೆ ಎಳೀತಿದ್ಲು. ಮಿಲ್ಲು ಬಂದ್ಮೇಲೆ ಅಪ್ಪ ಅದನ್ನ ಕಿತ್ತು ಕೊಟ್ಟಿಗೆ ಹಿಂದಕ್ಕೆ ಹಾಕಿದ್ರು. ನೀನಾಗ ಅಂಬೆಗಾಲಿಡ್ತಿದ್ದೆ.”

ಕೊಟ್ಟಿಗೆಯ ಹಿಂದಿನ ಆ ಕಲ್ಲು ನನಗೆ ಚೆನ್ನಾಗಿ ನೆನಪಿದೆ. ಮಳೆನೀರು ನಿಂತು ಅದರಲ್ಲಿ ಕೋಳಿಗಳು ನೀರು ಕುಡಿಯುತ್ತಿದ್ದವು. ಕಲ್ಲು ಹೋದ ಮೇಲೂ ನಮ್ಮಮ್ಮನ ಕೈ ಅದಕ್ಕೆ ಜಾಗ ಬಿಡುತ್ತಿತ್ತು. ಅವಳನ್ನು ನೋಡಿ ನಾನು ಬಿಟ್ಟೆ. ಕರ್ನಾಟಕದಿಂದ ಆಂಧ್ರದವರೆಗೆ, ವರ್ಗವಾದ ಊರೂರಿನಲ್ಲಿ, ಬಾಡಿಗೆ ಮನೆಗಳ ಸಿಮೆಂಟು ನೆಲದ ಮೇಲೆ, ನಾನು ಒಂದು ಒರಳುಕಲ್ಲಿಗೆ ಭಕ್ತಿಯಿಂದ ದಾರಿ ಬಿಟ್ಟುಕೊಂಡು ಬಂದಿದ್ದೆ. ವಿಜಯವಾಡದಲ್ಲಿ ಒಬ್ಬ ಹೆಂಗಸು ಅದಕ್ಕೆ ಕೈಮುಗಿದೂ ಆಗಿತ್ತು.

ಪುಟ್ಟಿ ಸೋಫಾದ ಮೇಲೆ ಹೊರಳಾಡಿ ನಕ್ಕಳು. ನಕ್ಕು ಮುಗಿದ ಮೇಲೆ ಎದ್ದು ಕೂತು, ಮುಖ ಗಂಭೀರ ಮಾಡಿಕೊಂಡಳು.

“ಅಜ್ಜಿ, ಲಕ್ಷ್ಮೀನೇ ಬರೆಯೋಣ. ಒರಳುಕಲ್ಲು ಅಂದ್ರೆ, ಈಗ ಕಲ್ಲಿಲ್ವಲ್ಲ, ಕೂಡಿಸಿ ಅಂತಾರೆ. ಕೂಡಿಸಿದ್ರೆ ಅದು ಮುತ್ತಜ್ಜೀದಲ್ಲ. ಕೂಡಿಸಲ್ಲ ಅಂದ್ರೆ ಈ ವರ್ಷ ಹೋಯ್ತು. ಲಕ್ಷ್ಮಿ ಅಂದ್ರೆ ಇವತ್ತೇ ಪಾಸು.”

ಅವಳ ಮಾತು ತಪ್ಪಾಗಿರಲಿಲ್ಲ. ನಾನು ಎದ್ದು ಹೋಗಿ ಕಾಫಿ ಮಾಡಿದೆ. ಬಾಗಿಲ ಹಿಂದೆ ನಿಂತು ಯೋಚಿಸುವುದು ನನ್ನ ಹಳೆಯ ಅಭ್ಯಾಸ. ನಮ್ಮಮ್ಮನ ರಂಗೋಲಿ ಉಳಿಯಬೇಕೆಂದು ತಾನೇ ಇಷ್ಟೆಲ್ಲ? ಲಕ್ಷ್ಮಿಯ ಹೆಸರು ಹೇಳಿದರೆ ರಂಗೋಲಿ ಉಳಿಯುತ್ತದೆ. ಆದರೆ ಬೆಳಗಾಗೆದ್ದು, ಕಲ್ಲಿಗೆ ಬೈದುಕೊಂಡು, ಅದನ್ನೇ ಬಳಸಿ ಅಷ್ಟು ಚಂದದ ಎಳೆ ತಂದ ನಮ್ಮಮ್ಮ ಉಳಿಯುವುದಿಲ್ಲ. ಇಷ್ಟು ದಿನ ಬೇರೆಯವರ ಎಳೆಗಳನ್ನು ತಪ್ಪು, ಸರಿ ಎಂದು ಹೇಳಿಕೊಂಡು ಬಂದವಳು ತನ್ನದಕ್ಕೆ ಮಾತ್ರ ಕಥೆ ಕಟ್ಟುವುದು ಸರಿಯಲ್ಲ ಎಂದೂ ಅನಿಸಿತು.

“ಒರಳುಕಲ್ಲು ಅಂತಲೇ ಬರಿ,” ಎಂದೆ. “ಲಕ್ಷ್ಮಿ ಹೆಸರಲ್ಲಿ ಸುಳ್ಳು ಬರೆದು, ಆಮೇಲೆ ಅವಳನ್ನೇ ಒಳಗೆ ಬಾ ಅನ್ನೋದಾ?”

ನಾನು ಹೇಳಿದೆ, ಪುಟ್ಟಿ ಬರೆದಳು: ನಮ್ಮಮ್ಮನ ಅಂಗಳದಲ್ಲಿ ಅಲ್ಲಿ ಒರಳುಕಲ್ಲು ಇತ್ತು. ಈಗ ಇಲ್ಲ. ಆದರೂ ಕೂಡಿಸಲು ಮನಸ್ಸಿಲ್ಲ.

ಉತ್ತರ ಬರಲಿಲ್ಲ. ಮರುದಿನವೂ ಬರಲಿಲ್ಲ. ಪುಟ್ಟಿ ನನ್ನೊಡನೆ ಮಾತು ಕಡಿಮೆ ಮಾಡಿದಳು. ನಾನು ರವೆಯನ್ನು ಡಬ್ಬಿಗೆ ತುಂಬಿ ಹರಿವಾಣವನ್ನು ತೊಳೆದು ಮೇಲಿಟ್ಟೆ. ಆಯಿತು, ಮಂಡಿಯ ಜೊತೆ ಹೋಗುವುದಾದರೆ ಹೋಗಲಿ ಎಂದುಕೊಂಡೆ. ಹಾಗೆ ಅಂದುಕೊಂಡರೂ, ಪುಟ್ಟಿ ಕಾಲೇಜಿನಿಂದ ಬರುವ ಹೊತ್ತಿಗೆ ಬಾಲ್ಕನಿಯಲ್ಲಿ ನಿಂತೇ ಇರುತ್ತಿದ್ದೆ.

ಆ ವರ್ಷದ ಮುಗ್ಗುಗಳಿಗೆ ಬಾಗಿಲು ಮುಚ್ಚುವ ಕೊನೆಯ ದಿನ ಗುಬ್ಬಚ್ಚಿ ಬರೆಯಿತು. ಪುಟ್ಟಿ ಗೇಟಿನಿಂದಲೇ ಕೂಗುತ್ತಾ ಬಂದಳು. “ಕೂಡಿಸಬೇಡಿ,” ಎಂದಿತ್ತು ಗುಬ್ಬಚ್ಚಿ. “ಆದರೆ ಬರೀ ಖಾಲಿ ಬಿಟ್ಟರೆ ಮುಂದೆ ಯಾರೋ ಬಂದು ತಪ್ಪೆಂದು ತಿದ್ದುತ್ತಾರೆ. ಕಲ್ಲನ್ನು ಮಸುಕಾಗಿ ತೋರಿಸಿ. ಇಷ್ಟು ಮಾಡಿದರೆ ಒಪ್ಪಿದೆ.”

ಪುಟ್ಟಿ ಚಪ್ಪಲಿಯನ್ನೂ ಬಿಡದೆ ಕೂತು, ಬಾಯಿಯ ಜಾಗದಲ್ಲಿ ಬೂದು ಬಣ್ಣದ ಒಂದು ಸೊನ್ನೆ ಇಟ್ಟಳು, ಸೊನ್ನೆಯೊಳಗೊಂದು ಗುಳಿ. ನೋಡಿದರೆ ಒರಳುಕಲ್ಲೇ. ಆ ಸಂಜೆ ನಮ್ಮಮ್ಮನ ರಂಗೋಲಿ ಒಳಗೆ ಸೇರಿತು.

ಧನುರ್ಮಾಸದ ಮೊದಲ ಬೆಳಿಗ್ಗೆ ಸೊಸೆ ಫೋನನ್ನು ಪಕ್ಕದಲ್ಲಿಟ್ಟುಕೊಂಡು ಗೇಟಿನ ಮುಂದೆ ಕೂತಳು. ನಾನು ಕುರ್ಚಿ ಹಾಕಿಸಿಕೊಂಡು ನೋಡಿದೆ. ಎಳೆ ಎಲ್ಲಿಯೂ ಕಳೆದುಹೋಗಲಿಲ್ಲ. ಬಲಗಡೆಯ ಮೂಲೆಗೆ ಬಂದಾಗ ಅವಳು ತಲೆಯೆತ್ತಿ, “ಅತ್ತಯ್ಯಾ, ನಿಮ್ಮ ಕಲ್ಲು ಬಂತು, ಜರುಗಿ” ಎಂದಳು. ನಾನು ನಿಜವಾಗಿಯೂ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡೆ.

ಆಮೇಲೆ ಯಾರೋ ಒಬ್ಬರು ರಂಗೋಲಿಯ ಕೆಳಗೆ ಫೋಟೋ ಹಾಕಿದರು. ಯಾವ ಊರೋ, ಫ್ಲ್ಯಾಟಿನ ಇಕ್ಕಟ್ಟು ಮೊಗಸಾಲೆ. ಬಾಗಿಲ ಮುಂದೆ ನಮ್ಮಮ್ಮನ ರಂಗೋಲಿ. ಬಾಯಿ ಬಿಟ್ಟ ಜಾಗದಲ್ಲಿ ಸರಿಯಾಗಿ ಒಂದು ಚಪ್ಪಲಿ ಸ್ಟ್ಯಾಂಡು. “ಈ ಸ್ಟ್ಯಾಂಡನ್ನು ಎಲ್ಲಿಡುವುದೆಂದು ನಮ್ಮ ಮನೆಯಲ್ಲಿ ದಿನಾ ಜಗಳ. ಈಗ ಬಗೆಹರಿಯಿತು” ಎಂದು ಬರೆದಿದ್ದರು. ನಮ್ಮಮ್ಮ ನೋಡಿದ್ದರೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

ನನ್ನ ಹರಿವಾಣ ಈಗ ಮತ್ತೆ ಮೇಜಿನ ಮೇಲಿದೆ. ನೋಡಬೇಕಾದ ಮುಗ್ಗುಗಳು ಕಾದಿವೆ, ನಾನು ಈ ಹಾಳೆಗಳನ್ನು ಬರೆಯುತ್ತಾ ಅವರನ್ನು ಇನ್ನಷ್ಟು ಕಾಯಿಸಿದ್ದೇನೆ. ಯಾರೋ ಆಗಲೇ “ಇಂಕಾ ಉನ್ನಾಮು” ಎಂದು ಕೂಗಿಯೂ ಆಗಿದೆ. ಹೋಗಬೇಕು.

ಪುಟ್ಟಿ, ಚಿನ್ನಿ, ಕಂಪ್ಯೂಟರಿನಲ್ಲಿ ಕಲ್ಲಿನ ಗುರುತು ಮಾತ್ರ ಇದೆ. ಆ ಕಲ್ಲನ್ನು ಅದರ ಮೊದಲ ಜಾಗದಲ್ಲಿ ಕಂಡ ನೆನಪಿರುವವಳು ಈಗ ದೊಡ್ಡಜ್ಜಿ ಒಬ್ಬಳೇ. ಅದು ಬಾಗಿಲ ಬಲಗಡೆ ಇತ್ತು, ಮಿಲ್ಲು ಬಂದ ಮೇಲೆ ಕೊಟ್ಟಿಗೆಯ ಹಿಂದೆ ಹೋಯಿತು, ಕೋಳಿಗಳು ಅದರಲ್ಲಿ ನೀರು ಕುಡಿದವು ಎಂಬುದು ಈ ಹಾಳೆಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಅಕ್ಕಿ ಡಬ್ಬದ ಕೆಳಗೋ, ನಿಮ್ಮ ಸರ್ಟಿಫಿಕೇಟುಗಳ ಜೊತೆಗೋ, ಒದ್ದೆಯಾಗದ ಕಡೆ ಇಡಿ. ಓದಲು ತಡವಾದರೆ ಪರವಾಗಿಲ್ಲ, ಕಾಯುವುದು ನನಗೆ ಅಭ್ಯಾಸವಾಗಿದೆ. ಹಳಸಿದೆ ಎಂದು ಯಾರೂ ಇದಕ್ಕೆ ಚೀಟಿ ಅಂಟಿಸದ ಹಾಗೆ ಮಾತ್ರ ನೋಡಿಕೊಳ್ಳಿ.